ಅತ್ತೆ ತುಂಬಿದ ಅರ್ಜಿ

ಕಾಡಿನಲ್ಲಿ ಒಂಟಿಯಾಗಿ ಬದುಕಿ ತೋರಿಸುವ ಆ ಟಿವಿ ಸ್ಪರ್ಧೆಯ ಹುಚ್ಚು ಇದ್ದದ್ದು ಸೊಸೆಗಲ್ಲ, ಅತ್ತೆಗೆ. ಎಪ್ಪತ್ತೆರಡು ವಯಸ್ಸು, ಎರಡೂ ಮಂಡಿ ಕೈಕೊಟ್ಟಿದ್ದವು. ಮನೆಯ ಮೆಟ್ಟಿಲು ಇಳಿಯುವುದೇ ಅವರಿಗೆ ದೊಡ್ಡ ಪ್ರಯಾಣ. ಆದರೆ ಆ ಕಾರ್ಯಕ್ರಮ ಶುರುವಾಯಿತೆಂದರೆ ಕುರ್ಚಿಯ ತುದಿಗೆ ಸರಿದು, ಟಿವಿಯೊಳಗಿನವರಿಗೆಲ್ಲ ಪಾಠ ಹೇಳುತ್ತಿದ್ದರು. “ಅಯ್ಯೋ ಪೆದ್ದಾ, ನದಿ ಪಕ್ಕದಲ್ಲೇ ಗುಡಿಸಲು ಹಾಕ್ತೀಯಲ್ಲೋ! ನೀರು ಏರಿದ್ರೆ ಎಲ್ಲಿಗೆ ಓಡ್ತೀಯ?”

ಸೊಸೆಗೆ ಇದನ್ನೆಲ್ಲ ನೋಡುವ ಪುರುಸೊತ್ತಿರಲಿಲ್ಲ. ಮನೆಯ ಕೆಳಗೇ ಅವಳ ಸೋಫಾ ರಿಪೇರಿ ಅಂಗಡಿ. ಹರಿದ ರೆಕ್ಸಿನ್ ಕಿತ್ತು, ಕುಸಿದ ಸ್ಪ್ರಿಂಗುಗಳನ್ನು ಬಿಗಿದು, ಬಾಗಿದ ದಪ್ಪ ಸೂಜಿಯಿಂದ ಹೊಲಿದು, ಸಂಜೆ ಕೂದಲ ತುಂಬ ಫೋಮಿನ ಪುಡಿ ಹೊತ್ತು ಮೇಲೆ ಬರುತ್ತಿದ್ದಳು. ಇಪ್ಪತ್ತು ವರ್ಷದಿಂದ ಅದೇ ಕೆಲಸ, ಅದೇ ಗೋಡೆಗಳು.

ಒಂದು ಮಧ್ಯಾಹ್ನ ಅಂಗಡಿಗೆ ಫೋನು ಬಂತು. ಟಿವಿಯವರು. “ನಿಮ್ಮ ಅರ್ಜಿ ನಮಗೆ ತುಂಬಾ ಇಷ್ಟವಾಯ್ತು. ಸಂದರ್ಶನಕ್ಕೆ ಬರ್ತೀರಾ?”

“ಯಾವ ಅರ್ಜಿ?” ಎಂದಳು ಅವಳು.

ಮೇಲೆ ಹೋಗಿ ಕೇಳಿದರೆ ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕೂತಿದ್ದರು. “ನನ್ನ ಮಂಡಿ ಸರಿ ಇದ್ದಿದ್ರೆ ನಾನೇ ಹೋಗ್ತಿದ್ದೆ ಕಣೇ. ಅದಕ್ಕೇ ನಿನ್ನ ಹೆಸರು ಬರೆದೆ. ವಿಶೇಷ ಗುಣ ಏನು ಅಂತ ಒಂದು ಕಡೆ ಕೇಳಿದ್ರು. ಹಟ ಅಂತ ಬರೆದಿದೀನಿ.”

ಗಂಡ ಸಿಟಿ ಬಸ್ಸಿನ ಡ್ರೈವರ್. ಕೆಲಸ ಮುಗಿಸಿ ಬಂದವನು ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಹೆಂಡತಿಯ ಮುಖ ನೋಡಿ ನಗು ನಿಲ್ಲಿಸಿದ. “ಏನೇ, ನಿನಗೂ ಆಸೆ ಇದೆ ಅಲ್ವಾ?”

“ಇದೆ ರೀ,” ಎಂದಳು. ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು.

ಆಯ್ಕೆಯಾದವರು ಹತ್ತು ಜನ. ದೊಡ್ಡದೊಂದು ಸರೋವರದ ಸುತ್ತ ಒಬ್ಬೊಬ್ಬರನ್ನು ಒಂದೊಂದು ಕಡೆ ದೋಣಿಯಿಂದ ಇಳಿಸಿ ಬಿಟ್ಟುಬಿಡುತ್ತಾರೆ. ತಲಾ ಹತ್ತು ವಸ್ತು ಒಯ್ಯಬಹುದು. ಕ್ಯಾಮೆರಾ ಹಿಡಿಯುವವರೂ ಅವರೇ. ಸಾಕಾಯಿತು ಎನಿಸಿದರೆ ಕೈಯಲ್ಲಿರುವ ಯಂತ್ರದ ಕೆಂಪು ಗುಂಡಿ ಒತ್ತಬೇಕು, ದೋಣಿ ಬಂದು ಕರೆದೊಯ್ಯುತ್ತದೆ. ಉಳಿದವರೆಷ್ಟು, ಹೋದವರೆಷ್ಟು ಎಂದು ಯಾರಿಗೂ ತಿಳಿಯುವುದಿಲ್ಲ. ಕೊನೆಯವರೆಗೆ ಉಳಿದವರೇ ಗೆದ್ದವರು. ಬೇರೆಯವರೆಲ್ಲ ಕೊಡಲಿ, ಬಿಲ್ಲು, ಗಾಳ ಎಂದು ಆರಿಸಿಕೊಂಡರೆ, ಅವಳು ಕೊಡಲಿಯ ಜೊತೆಗೆ ತನ್ನ ಬಾಗಿದ ಸೂಜಿಯನ್ನೂ ದಪ್ಪ ದಾರದ ಉಂಡೆಯನ್ನೂ ಚೀಲಕ್ಕೆ ಹಾಕಿದಳು.

ತರಬೇತಿಯೂ ಸೇರಿ ಮೂರು ತಿಂಗಳ ಮೇಲೆ ಅವಳು ಮನೆಗೆ ಬಂದಾಗ ಅತ್ತೆ ಗುರುತೇ ಹಿಡಿಯಲಿಲ್ಲ. ಕೆನ್ನೆ ಒಳಗೆ ಹೋಗಿತ್ತು, ಕಣ್ಣು ಮಾತ್ರ ಫಳಫಳ ಹೊಳೆಯುತ್ತಿತ್ತು. ಎಷ್ಟು ದಿನ ಕಾಡಿನಲ್ಲಿದ್ದಳೆಂದು ಲೆಕ್ಕ ಹಾಕುವುದಕ್ಕೂ ದಾರಿಯಿರಲಿಲ್ಲ. ಮೊದಲು ಸೋತವರನ್ನೂ ಸ್ಪರ್ಧೆ ಮುಗಿಯುವ ತನಕ ಅಲ್ಲೇ ಒಂದು ವಸತಿಗೃಹದಲ್ಲಿ ಇಟ್ಟುಕೊಂಡಿದ್ದರು. ಫಲಿತಾಂಶ ಟಿವಿಯಲ್ಲಿ ಬರುವವರೆಗೆ ತುಟಿ ಪಿಟಕ್ಕೆನ್ನುವಂತಿಲ್ಲ ಎಂದು ಸಹಿ ಬೇರೆ ಹಾಕಿಸಿಕೊಂಡಿದ್ದರು.

ಅತ್ತೆ ಬಿಡುತ್ತಾರೆಯೇ? ತಟ್ಟೆಗೆ ಬಡಿಸುತ್ತ ಥಟ್ಟನೆ ಕೇಳುವರು, “ಕೊನೇ ದಿನ ಚಳಿ ಜಾಸ್ತಿ ಇತ್ತಾ?” ಅವಳು ಊಟ ಮಾಡುತ್ತಲೇ ಇರುವಳು. ಒಂದು ದಿನ “ಸೋತವರ ಮುಖ ಹೀಗಿರಲ್ಲ” ಎನ್ನುವರು. ಮರುದಿನ “ಗೆದ್ದವರು ಹೀಗೆ ಮೂಲೇಲಿ ಕೂತು ಮೊಳೆ ಹೊಡೀತಾರಾ?” ಎಂದು ತಾವೇ ಕುಗ್ಗುವರು. ಮಗನ ಹತ್ತಿರ ಗೋಳು ತೋಡಿಕೊಂಡರೆ ಅವನು “ನಂಗೆ ಗೊತ್ತಿದ್ರೆ ತಾನೇ ಹೇಳೋದು?” ಎಂದು ಉಗುರು ಕಚ್ಚುತ್ತ ಕೂರುವನು.

ಕಾರ್ಯಕ್ರಮ ಶುರುವಾಯಿತು. ಪ್ರತಿ ಭಾನುವಾರ ಸಂಜೆ ಐದಕ್ಕೆ. ಮೊದಲ ವಾರ ಮನೆಯವರಷ್ಟೇ ನೋಡಿದರು. ಎರಡನೇ ವಾರ ಎದುರಿನ ಕ್ಷೌರದಂಗಡಿಯವನು ಬಂದ. ಮೂರನೇ ವಾರಕ್ಕೆ ಮೇಲಿನ ಕೋಣೆ ಸಾಲದೆ ಟಿವಿಯನ್ನು ಅಂಗಡಿಗೇ ಇಳಿಸಬೇಕಾಯಿತು. ಬೀದಿಯವರೆಲ್ಲ ಗಿರಾಕಿಗಳ ಅರ್ಧ ಬಿಚ್ಚಿದ ಸೋಫಾಗಳ ಮೇಲೆ, ಸ್ಪ್ರಿಂಗು ಚುಚ್ಚದ ಜಾಗ ಹುಡುಕಿ ಕೂತರು.

“ಬೇಜಾರು ಮಾಡ್ಕೋಬೇಡಿ ಅಕ್ಕಾ,” ಎಂದಿದ್ದ ಕ್ಷೌರದಂಗಡಿಯವನು ಮೊದಮೊದಲು. “ಅಲ್ಲಿ ಒಬ್ಬ ಮಾಜಿ ಸೈನಿಕ, ಒಬ್ಬ ಬೆಟ್ಟ ಹತ್ತಿಸೋ ಮೇಷ್ಟ್ರು. ನೀವು ಸೋಫಾ ಹೊಲಿಯೋರು. ಒಂದು ವಾರ ಇದ್ರೆ ದೊಡ್ಡದು.”

ಕಾಡಿನ ಹನ್ನೆರಡನೇ ದಿನ ಸೈನಿಕ ಹೊಟ್ಟೆ ಕೆಟ್ಟು ಗುಂಡಿ ಒತ್ತಿದ. ಅವಳು ತನ್ನ ದಾರದಿಂದ ಬಲೆ ಹೆಣೆದು, ಬೆಳಗ್ಗೆ ಎಳೆದರೆ ಮೂರು ಮೀನು! ಅಂಗಡಿಯಲ್ಲಿ ಕೇಕೆ ಎದ್ದಿತು. ಆವತ್ತಿನಿಂದ ಎಲ್ಲರಿಗಿಂತ ಜೋರಾಗಿ ಕೂಗುವವನು ಕ್ಷೌರದಂಗಡಿಯವನೇ ಆದ. ಭಾನುವಾರ ಸಂಜೆ ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡ ಗಿರಾಕಿಯನ್ನೂ ಜೊತೆಗೇ ಎಳೆದುಕೊಂಡು ಬರುತ್ತಿದ್ದ.

ಹತ್ತನೇ ಭಾನುವಾರ ಕೊನೆಯ ಕಂತು. ಉಳಿದವರು ಇಬ್ಬರೇ: ಅವಳು ಮತ್ತು ಬೆಟ್ಟದ ಮೇಷ್ಟ್ರು. ನಾಲ್ಕೂವರೆಗೇ ಅಂಗಡಿ ತುಂಬಿ, ಜನ ಫುಟ್‌ಪಾತಿನ ಮೇಲೂ ನಿಂತಿದ್ದರು. ಅತ್ತೆ ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ಮಗ. ಅವಳು ಮಾತ್ರ ಹಿಂದೆ ಫೋಮಿನ ರಾಶಿಗೆ ಒರಗಿ ಸ್ಟೂಲಿನ ಮೇಲೆ ಕೂತಿದ್ದಳು. ಫೋಮಿನ ಚೂರೊಂದನ್ನು ಕಿತ್ತು ಕಿತ್ತು ಪುಡಿ ಮಾಡುತ್ತಿದ್ದಳು. ಫಲಿತಾಂಶದ ಚಿಂತೆಯಲ್ಲ ಅವಳಿಗೆ. ಅದು ಗೊತ್ತೇ ಇತ್ತು. ನಲವತ್ತೊಂಬತ್ತನೇ ದಿನ ಕ್ಯಾಮೆರಾದ ಮುಂದೆ ತಾನು ಆಡಿದ ಮಾತು ಅವಳನ್ನು ಕಾಡುತ್ತಿತ್ತು. ಅದನ್ನು ಕತ್ತರಿಸಿರಲಿ, ದೇವರೇ, ಕತ್ತರಿಸಿರಲಿ!

ಕತ್ತರಿಸಿರಲಿಲ್ಲ.

ತೆರೆಯ ಮೇಲೆ ಬಿರುಗಾಳಿ. ಅವಳ ಗುಡಿಸಲಿನ ಟಾರ್ಪಾಲು ಈ ತುದಿಯಿಂದ ಆ ತುದಿಗೆ ಸೀಳಿಹೋಯಿತು. ಬೆಂಕಿ ನಂದಿತು. ಒಣಗಿಸಿಟ್ಟ ಮೀನು ಹಾರಿ ಸರೋವರದ ಪಾಲಾಯಿತು. ನೆನೆದು ಮುದ್ದೆಯಾಗಿ ನಡುಗುತ್ತ ಕೂತವಳು ಕ್ಯಾಮೆರಾದ ಕಡೆ ತಿರುಗಿದಳು. ಹಲ್ಲು ಕಟಕಟ ಎನ್ನುತ್ತಿದ್ದವು.

“ಆ ಮುದುಕಿ! ಕಂಬಳಿ ಹೊದ್ದುಕೊಂಡು ಬೆಚ್ಚಗೆ ಟೀ ಕುಡೀತಾ ಕೂತಿರ್ತಾಳೆ. ತನ್ನ ತೆವಲಿಗೆ ನನ್ನ ಇಲ್ಲಿ ಸಾಯೋಕೆ ಕಳಿಸಿದಾಳೆ! ಇಪ್ಪತ್ತು ವರ್ಷದಿಂದ ಇದೇ ಆಯ್ತು. ಹಾಗೆ ಮಾಡು, ಹೀಗೆ ಮಾಡು. ಒಂದು ದಿನ ನಾನು ಬಾಯಿ ಬಿಟ್ಟಿದೀನಾ?”

ಅಂಗಡಿಯಲ್ಲಿ ಅತ್ತೆಯ ಕಡೆ ನೋಡುವ ಧೈರ್ಯ ಯಾರಿಗೂ ಬರಲಿಲ್ಲ. ತೆರೆಯ ಮೇಲೆ ಅವಳು ಯಂತ್ರವನ್ನು ಕೈಗೆತ್ತಿಕೊಂಡಳು. ಹೆಬ್ಬೆರಳು ಕೆಂಪು ಗುಂಡಿಯ ಮೇಲೆ ನಿಂತಿತು. “ಒತ್ತಲಾ ಅತ್ತೆ? ಈಗ ಹೇಳಿ ನೋಡೋಣ! ಒತ್ತಿಬಿಡಲಾ?”

“ಒತ್ತಬೇಡ್ವೇ!” ಅತ್ತೆ ಕುರ್ಚಿಯ ಕೈಗಳನ್ನೂರಿ ಎದ್ದೇ ನಿಂತರು. ಮಂಡಿನೋವು ನೆನಪಿಗೇ ಬರಲಿಲ್ಲ. ಇದೆಲ್ಲ ನಡೆದು ತಿಂಗಳುಗಳಾದವು, ಸೊಸೆ ತಮ್ಮ ಬೆನ್ನ ಹಿಂದೆಯೇ ಕೂತಿದ್ದಾಳೆ ಎಂಬುದೂ ಮರೆತುಹೋಗಿತ್ತು. “ಸೂಜಿ ತಗೊಳ್ಳೇ! ಸೂಜಿ! ಇದಕ್ಕಿಂತ ದೊಡ್ಡ ಹರಕು ಹೊಲಿದಿದೀಯ ನೀನು!”

ತೆರೆಯ ಮೇಲೆ ಅವಳು ಮೂಗು ಒರೆಸಿಕೊಂಡಳು. ಯಂತ್ರವನ್ನು ಚೀಲದೊಳಗೆ ಎಸೆದು, ಒಳಗೆಲ್ಲ ತಡಕಾಡಿದಳು. ಹೊರಗೆ ಬಂದ ಕೈಯಲ್ಲಿ ಬಾಗಿದ ಸೂಜಿಯಿತ್ತು.

ಅಂಗಡಿಯಲ್ಲಿ ಕೂಗು ಸಿಡಿಯಿತು! ಕ್ಷೌರದಂಗಡಿಯವನು ಸೋಫಾದ ಮೇಲೆ ಹತ್ತಿ ಕುಣಿದ. ಫುಟ್‌ಪಾತಿನವರು ಶಟರು ಬಡಿದರು. ತೆರೆಯ ಮೇಲೆ ಅವಳು ಹರಿದ ಅಂಚುಗಳನ್ನು ಒಂದರೊಳಗೊಂದು ಮಡಿಸಿ, ನೀರು ಇಳಿಯದಂತೆ ಎರಡೆರಡು ಸಾಲು ಹೊಲಿಗೆ ಹಾಕುತ್ತಿದ್ದಳು. ಗಾಳಿ ಕಿತ್ತುಕೊಂಡರೆ ಮಂಡಿಯಲ್ಲಿ ಅದುಮಿ ಹಿಡಿದಳು. ಬೆರಳೆಲ್ಲ ರಕ್ತವಾಗಿತ್ತು. ಕತ್ತಲಾಗುವ ಮುಂಚೆ ಟಾರ್ಪಾಲು ಮತ್ತೆ ಮೇಲೇರಿತು, ಅದರಡಿ ಸಣ್ಣ ಹೊಗೆ ಎದ್ದಿತು.

ಐವತ್ತೇಳನೇ ದಿನ ಮೇಷ್ಟ್ರು, ಮರದ ದಿಮ್ಮಿಯ ಗಟ್ಟಿ ಮನೆಯಲ್ಲಿ, ಕೈತುಂಬ ಮೀನಿದ್ದರೂ, ಮಕ್ಕಳ ಫೋಟೊ ನೋಡುತ್ತ ಕೂತು ಗುಂಡಿ ಒತ್ತಿದರು. ನೋಡುವವರಿಗೆ ತಿಳಿಯಿತು. ತೆರೆಯ ಮೇಲಿನ ಅವಳಿಗೆ ತಿಳಿಯಲಿಲ್ಲ. ಮರುದಿನ ದೋಣಿಯ ಸದ್ದು ಕೇಳಿ, ವಾರದ ತಪಾಸಣೆಗೆ ಡಾಕ್ಟರು ಬಂದರೆಂದುಕೊಂಡಳು. ತೂಕ ನೋಡಿದ ಡಾಕ್ಟರು ಮುಖ ಗಂಟಿಕ್ಕಿದ್ದೇ ತಡ, “ನಂಗೇನಾಗಿಲ್ಲ! ಇನ್ನೂ ಹದಿನೈದು ದಿನ ಇರ್ತೀನಿ. ಬಲೆ ನೋಡಿ, ನಿನ್ನೆ ಒಂದು ಬಿತ್ತು!” ಎಂದು ವಾದಕ್ಕೆ ನಿಂತಳು.

ಅವಳ ಹಿಂದೆ ಮರಗಳ ನಡುವಿನಿಂದ, ದೊಗಳೆ ಮಳೆಕೋಟು ತೊಟ್ಟ ಒಬ್ಬ ಗಂಡಸು ಮೆಲ್ಲಗೆ ನಡೆದು ಬಂದ. “ಸಾಕು ಬಾರೇ,” ಎಂದ. “ಎಲ್ಲರೂ ಕಾಡು ಬಿಟ್ಟು ಹೋಗಿಯಾಯ್ತು. ನೀನೊಬ್ಬಳೇ ಉಳಿದಿರೋದು.”

ಅವಳು ತಿರುಗಿದಳು. “ರೀ...” ಎಂದವಳು ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತಳು.

ಅತ್ತೆ ತೆರೆ ನೋಡಿದರು. ಪಕ್ಕದಲ್ಲಿದ್ದ ಮಗನನ್ನು ನೋಡಿದರು. ಮತ್ತೆ ತೆರೆ ನೋಡಿದರು. “ಲೋ! ಅದು ನೀನಲ್ವೇನೋ? ಬೇರೆ ಊರಿಗೆ ಮದುವೆ ಬಸ್ಸು ಓಡಿಸೋಕೆ ಹೋಗ್ತೀನಿ ಅಂತ ಹೋದವನು!”

“ನನ್ನ ಹತ್ರಾನೂ ಸಹಿ ಹಾಕಿಸ್ಕೊಂಡಿದ್ರಮ್ಮಾ.”

“ಹತ್ತು ವಾರ ನನ್ನ ಪಕ್ಕ ಕೂತು ಉಗುರು ಕಚ್ಚಿದೆಯಲ್ಲೋ! ಹೋದ ವಾರ ನನ್ನ ಕೈ ಹಿಡ್ಕೊಂಡು ನಡುಗ್ತಿದ್ದೆ. ಎಲ್ಲಾ ನಾಟಕಾನಾ?”

“ನಾಟಕ ಅಲ್ಲಮ್ಮ.” ಅವನು ತೆರೆಯ ಕಡೆ ಕೈ ಮಾಡಿದ. “ನಾನು ಕೊನೇ ದಿನ ತಾನೇ ಹೋಗಿದ್ದು? ಅದಕ್ಕೆ ಮುಂಚೆ ಏನೇನು ಪಟ್ಟಳು ಅಂತ ನನಗೂ ಒಂದು ಮಾತು ಹೇಳಿರಲಿಲ್ಲ. ನಾನೂ ನಿಮ್ಮ ಜೊತೇಲೇ ನೋಡ್ತಿರೋದು.”

ಮುಂದಿನ ಮಾತು ಗದ್ದಲದಲ್ಲಿ ಮುಳುಗಿತು. ಬೀದಿಯವರು ಒಳನುಗ್ಗಿ ಅವಳನ್ನು ಸ್ಟೂಲಿನ ಸಮೇತ ಎತ್ತಿದರು. ಯಾರೋ ಹಾರ್ನ್ ಬಾರಿಸಿದರು. ಅಷ್ಟರಲ್ಲಿ ಫಟ್ಟೆಂದು ಸದ್ದಾಗಿ, ಕುಣಿಯುತ್ತಿದ್ದ ಕ್ಷೌರದಂಗಡಿಯವನು ಸೋಫಾದೊಳಕ್ಕೆ ಸೊಂಟದವರೆಗೆ ಇಳಿದುಹೋದ.

ಕೆಳಗಿಳಿಸಿದ ಮೇಲೆ ಅವಳು ಜನರ ನಡುವೆ ದಾರಿ ಮಾಡಿಕೊಂಡು ಅತ್ತೆಯ ಮುಂದೆ ಬಂದು ನಿಂತಳು. “ಅತ್ತೆ, ಅವತ್ತು ಹಾಗೆಲ್ಲ ಬೈದ್ಬಿಟ್ಟೆ...”

“ಬೈದೆ. ಬೀದಿಯವರೆಲ್ಲ ಕೇಳಿಸಿಕೊಂಡ್ರು.” ಅತ್ತೆ ಅವಳ ಕೈ ಎಳೆದುಕೊಂಡು, ಬೆರಳ ತುದಿಯ ಗಾಯದ ಕಲೆಗಳನ್ನು ಒಂದೊಂದಾಗಿ ಸವರಿದರು. “ಇಪ್ಪತ್ತು ವರ್ಷ ಎದುರಿಗೇ ಇದ್ದೆನಲ್ಲೇ. ನನ್ನ ಬೈಯೋಕೆ ಅಷ್ಟು ದೂರ ಹೋಗಬೇಕಿತ್ತಾ?” ಸೊಸೆ ಬಗ್ಗಿ ಅವರನ್ನು ತಬ್ಬಿಕೊಂಡಳು.

ಸೋಮವಾರ ಬೆಳಗ್ಗೆ ಶಟರು ಎತ್ತುವಷ್ಟರಲ್ಲಿ ಪತ್ರಿಕೆಯವರು ಮೈಕು ಹಿಡಿದು ಸಾಲಾಗಿ ನಿಂತಿದ್ದರು. ಅವಳು ತಲೆಕೆಳಗು ಮಾಡಿದ ಮುರುಕು ಸೋಫಾದ ಮುಂದೆ ಮಂಡಿಯೂರಿ, ತುಟಿಗಳ ನಡುವೆ ಸಾಲು ಮೊಳೆ ಕಚ್ಚಿಕೊಂಡು, ತಳದ ಪಟ್ಟಿ ಬಿಗಿಯುತ್ತಿದ್ದಳು. “ಮೇಡಂ, ಗೆದ್ದಿದ್ದು ಹೇಗನಿಸ್ತಿದೆ? ಮುಂದೇನು ಮಾಡ್ತೀರಿ?” ಎಂದು ನಾಲ್ಕೂ ಕಡೆಯಿಂದ ಪ್ರಶ್ನೆಗಳು ಬಂದವು.

ಮೇಲಿನಿಂದ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದ ಅತ್ತೆ ಅಲ್ಲಿಂದಲೇ ಕೂಗಿದರು: “ಅವಳ ಬಾಯಲ್ಲಿ ಮೊಳೆ ಇದೆ. ಒಂದು ನಿಮಿಷ ತಾಳಿ, ಏನು ಬೇಕೋ ನನ್ನ ಕೇಳಿ!”