ಬಾಯಿಕಾಳು

ಮೈಲ್‌ಸಾಮಿ ಅಟ್ಟದ ಕೊನೆಯ ಮಡಕೆಯನ್ನೂ ಬೋರಲು ಹಾಕಿ ತಟ್ಟಿದ. ಧೂಳು ಬಿತ್ತು, ಸತ್ತ ಜಿರಳೆಯೊಂದು ಬಿತ್ತು. ರಾಗಿ ಬೀಳಲಿಲ್ಲ.

ಕೆಳಗೆ ಅಂಗಳದಲ್ಲಿ ಅವನ ಅವ್ವ ಬೆಳ್ಳಿಯಮ್ಮನಿಗೆ ನೀರು ಹಾಕಿ, ಹೊಸ ಸೀರೆ ಹೊದಿಸಿ ಮಲಗಿಸಿದ್ದರು. ಇನ್ನು ಮಗ ಬಾಯಿಕಾಳು ಇಡಬೇಕು. ಸತ್ತವರ ಬಾಯಿಗೆ ಅವರ ಹೊಲದಲ್ಲೇ ಬೆಳೆದ ಕಾಳು ಬೀಳದೆ ಆ ಗುಡ್ಡದ ಊರಲ್ಲಿ ಯಾರ ಚಟ್ಟವೂ ಎದ್ದದ್ದಿಲ್ಲ.

"ಎಲ್ಲೋ ಮೈಲಾ, ಸೀಕ್ರ ಇಳಿ. ಬಿಸಿಲು ಏರ್ತಾ ಅದೆ," ಸೋದರಮಾವ ಗುರುಸಾಮಿ ಕೂಗಿದ.

ಮೈಲ್‌ಸಾಮಿ ಇಳಿದು ಬಂದ. "ಮಾವಾ, ರೇಷನ್ ಅಕ್ಕಿ ಅದೆ. ಅದನ್ನೇ..."

"ನಮ್ಮಕ್ಕನಿಗೆ ರೇಷನ್ ಅಕ್ಕಿಯಾ? ಅದಕ್ಕಿಂತ ಕರಿಬೇವು ಒಂದೆಸಳು ಇಟ್ಟುಬಿಡು. ನಿನ್ನ ಹೊಲದ್ದೇ ಅಲ್ಲವಾ!"

ಯಾರೋ ನಗೆಯನ್ನು ಕೆಮ್ಮಾಗಿ ಮುಚ್ಚಿದರು. ಮೈಲ್‌ಸಾಮಿಯ ಹೆಂಡತಿ ಮಲ್ಲಿಗಾ ತಲೆಯೆತ್ತಿದಳು.

"ನಿಮ್ಮ ಹೊಲದಾಗೆ ಮಾತ್ರ ಏನದೆ ಮಾವಾ? ಬಾಳೆ ತಾನೆ?"

ಗುರುಸಾಮಿ ಹೆಗಲ ಟವಲು ತೆಗೆದು ಮುಖ ಒರೆಸಿಕೊಂಡ. ಸುತ್ತ ಕೂತವರೂ ನೆಲ ನೋಡಿದರು.

*

ಎಂಬತ್ತಮೂರರಲ್ಲಿ ಗುಡ್ಡಕ್ಕೆ ಕರೆಂಟು ಬಂದು ಬಾವಿಗಳಿಗೆ ಮೋಟರು ಕೂತಮೇಲೆ ಇಳಿಜಾರಿನ ಹೊಲಗಳು ಒಂದೊಂದಾಗಿ ಕರಿಬೇವಿಗೆ, ಬಾಳೆಗೆ ತಿರುಗಿದ್ದವು. ಬೆಳೆ ಒಯ್ಯಲು ಕೆಳಗಿನ ಕಾರಮಡೈ ಪೇಟೆಯಿಂದ ಲಾರಿ ಊರೊಳಗೇ ಬರುತ್ತಿತ್ತು. ಬೆಳ್ಳಿಯಮ್ಮ ಮಾತ್ರ ಬಂಡೆಯ ಪಕ್ಕ, ಸೀರೆ ಒಣಹಾಕುವಷ್ಟು ಜಾಗದಲ್ಲಿ ರಾಗಿ ಚೆಲ್ಲುತ್ತಿದ್ದಳು. ಕಳೆದ ಆಡಿ ತಿಂಗಳ ಮಳೆಯಲ್ಲಿ ಮೈಲ್‌ಸಾಮಿ ಅಲ್ಲೂ ಗುಂಡಿ ತೋಡಿದ.

"ಇದೊಂದು ಮೂಲೆ ಬಿಡಪ್ಪಾ."

"ಇಷ್ಟು ರಾಗಿ ಯಾರ ಹೊಟ್ಟೆಗೆ ಸಾಲ್ತದೆ ಅವ್ವಾ?"

"ಹೊಟ್ಟೆಗಲ್ಲ."

ಅವನಿಗೆ ಅರ್ಥವಾಗಿತ್ತು. ಆದರೂ, "ಈಗಲೇ ಎಲ್ಲಿಗೆ ಹೊರಟೆ? ಆಮೇಲೆ ನೋಡೋಣ," ಎಂದು ನಕ್ಕು ಸಸಿ ಇಟ್ಟ. ಸಸಿಯ ಬುಡಕ್ಕೆ ಮಣ್ಣು ಎಳೆದವಳು ಅವಳೇ. ಮನೆಯಲ್ಲಿ ಉಳಿದಿದ್ದ ರಾಗಿ ಅವಳು ಕಾಯಿಲೆಯಿಂದ ಹಾಸಿಗೆ ಹಿಡಿದ ಮೇಲೆ ಅವಳ ಗಂಜಿಗೇ ಮುಗಿಯಿತು.

*

ಎದುರುಮನೆಯ ಮುದುಕಿ ನಾಚಿಯಮ್ಮ ಕೋಲೂರಿಕೊಂಡು ಅಂಗಳಕ್ಕೆ ಬಂದಳು. ಕೂತು, ಮಡಿಲಲ್ಲಿಟ್ಟ ಬಟ್ಟೆಗಂಟು ಬಿಚ್ಚಿದಳು. ಒಳಗೆ ಒಂದು ಹಿಡಿ ರಾಗಿ, ಹಳೆಯದಾಗಿ ಕಪ್ಪಿಟ್ಟಿತ್ತು.

"ತಗೋ. ನಮ್ಮ ಮೇಲಿನ ಹೊಲದ್ದು. ಅವಳೂ ನಾನೂ ಸೇರಿ ಕಳೆ ಕಿತ್ತಿದ್ದು. ನಡೀತದೆ."

"ಇದನ್ನ ಯಾಕೆ ಎತ್ತಿಟ್ಟಿದ್ದೆ ನಾಚಿಯಕ್ಕಾ?" ಗುರುಸಾಮಿ ಕೇಳಿದ.

"ಯಾಕಂದ್ರೆ? ನನಗೂ ಒಬ್ಬ ಮಗ ಅವನೆ."

ಮೈಲ್‌ಸಾಮಿ ಅಂಗೈ ಒಡ್ಡಿದ. ನಾಚಿಯಮ್ಮ ಒಂದಿಷ್ಟು ಸುರಿದಳು. ಅವನು ಬಗ್ಗಿ ಅವ್ವನ ತುಟಿಗಳ ನಡುವೆ ಕಾಳು ಬಿಟ್ಟ. ಮುಖ ನೋಡಲಾಗಲಿಲ್ಲ.

ಚಟ್ಟಕ್ಕೆ ಗಂಡಸರು ಕೈ ಹಾಕಿದರು. ಮೈಲ್‌ಸಾಮಿ ಏಳಲಿಲ್ಲ. ಬೆವೆತ ಅಂಗೈಗೆ ಅಂಟಿಕೊಂಡಿದ್ದ ರಾಗಿಯನ್ನು ಉಗುರಿನಿಂದ ಒಂದೊಂದಾಗಿ ಬಿಡಿಸಿ ಮುದುಕಿಯ ಬಟ್ಟೆಗೆ ಹಾಕುತ್ತಿದ್ದ. ಅವಳು ಗಂಟು ಕಟ್ಟದೆ ಕಾಯುತ್ತಿದ್ದಳು.