ಎಲ್ಲರ ಉಸಿರೂ ಇಪ್ಪತ್ತು

೧.
ಎಲ್ಲಿಂದ ಶುರು ಮಾಡುವುದು? ಬಾಲ್ಯದಲ್ಲಿ ಕಾರ್ಕಳದ ದವಾಖಾನೆಯಲ್ಲಿ ಸ್ಪಿರಿಟ್ ಸ್ಟೌ ಮೇಲೆ ಗಾಜಿನ ಸಿರಿಂಜು ಕುದಿಯುವಾಗ ಬರುತ್ತಿದ್ದ ಆ ವಾಸನೆಯಿಂದ ಆಗಬಹುದೆಂದು ಅರ್ಧ ಪುಟ ಬರೆದೆ. ನನ್ನ ಕಥೆಯ ನರ್ಸ್ ಸ್ಯಾಂಡ್ರಾ ಅದನ್ನು ಓದಿ, "ಅಮ್ಮ, ಅದು ನಿಮ್ಮ ನೆನಪು. ನನ್ನ ಡ್ಯೂಟಿ ಶುರುವಾಗಿ ಅರ್ಧ ಗಂಟೆ ಆಯ್ತು," ಅಂದಳು.

ಹರಿದು ಹಾಕಿದೆ.

೨.
ಸ್ಯಾಂಡ್ರಾ ಶಿರ್ವದವಳು. ಮಣಿಪಾಲದ ಹತ್ತಿರದ ಒಂದು ಆಸ್ಪತ್ರೆಯಲ್ಲಿ (ಯಾವುದೆಂದು ಕೇಳಬೇಡಿ, ನಾನೇ ಕಟ್ಟಿಸಿದ್ದು) ಕೆಲಸ. ಮಧ್ಯಾಹ್ನದ ಪಾಳಿಯಲ್ಲಿ ಮೂವತ್ತೆರಡು ರೋಗಿಗಳಿಗೆ ನರ್ಸುಗಳು ಇಬ್ಬರೇ. ಮೂರನೆಯವಳನ್ನು ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ಆಡಳಿತದವರು ಒತ್ತಡ ಅಳೆಯುವ ಫಾರ್ಮ್ ಕಳಿಸಿದ್ದರು. ಪ್ರತಿ ಪ್ರಶ್ನೆಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ; ನಾಲ್ಕೆಂದರೆ ಅತಿ ಹೆಚ್ಚು ಒತ್ತಡ.

ವಾರ್ಡಿನ ಎಲ್ಲ ಪಾಳಿಯ ನರ್ಸುಗಳು ತುಂಬಿಸಿಕೊಟ್ಟ ಫಾರ್ಮುಗಳನ್ನು ಸಮೀಕ್ಷೆಯ ಹುಡುಗಿ ಭವ್ಯಶ್ರೀ ಮೇಜಿನ ಮೇಲೆ ಹರಡಿದಳು.

"ಇದೆಂತ ಸಿಸ್ಟರ್, ಹನ್ನೊಂದು ಜನರೂ ಎಲ್ಲದಕ್ಕೂ ಒಂದು ಅಂತಲೇ ಬರೆದಿದ್ದೀರಿ?"

ಸ್ಯಾಂಡ್ರಾಳಿಗೆ ನಗು ಬಂತು. "ಚಾರ್ಟ್ ಬರೆದು ಬರೆದು ಪಳಗಿದ ಕೈ ಅಲ್ವಾ ಮಾರಾಯ್ತಿ. ಪುರುಸೊತ್ತಿಲ್ಲದಾಗ ಉಸಿರು ಎಣಿಸುವುದು ಯಾರು? ಎಲ್ಲರಿಗೂ ನಿಮಿಷಕ್ಕೆ ಇಪ್ಪತ್ತು ಅಂತ ಹಾಕಿಬಿಡುವುದು. ಇದೂ ಹಾಗೆಯೇ. ಒಬ್ಬಳು ಬರೆದಳು, ಉಳಿದವರು ನೋಡಿ ಇಳಿಸಿದೆವು."

"ಹಾಗಾದರೆ ಈ ವಾರ್ಡಿನಲ್ಲಿ ಒತ್ತಡವೇ ಇಲ್ಲ ಅಂತಾಗ್ತದೆ. ಮೂರನೆಯವರು ಬರುವುದಿಲ್ಲ."

ಸ್ಯಾಂಡ್ರಾ ನಗು ನಿಲ್ಲಿಸಿ, "ಒಂದು ಖಾಲಿ ಫಾರ್ಮ್ ಉಂಟಾ?" ಎಂದು ಕೇಳಿದಳು.

೩.
(ಇಲ್ಲಿ ಮೊದಲು ಒಂದು ಧ್ಯಾನ ಶಿಬಿರ ಇಟ್ಟಿದ್ದೆ. "ನಾನು ಕಣ್ಣು ಮುಚ್ಚಿ ಕೂತರೆ ಆ ಕಾಪುವಿನ ಅಜ್ಜಿಯ ಡ್ರಿಪ್ ಬದಲಿಸುವುದು ಯಾರು, ನೀವಾ?" ಎಂದಳು ಸ್ಯಾಂಡ್ರಾ. ನನಗೆ ಬರುವುದಿಲ್ಲ. ಶಿಬಿರ ರದ್ದು.)

೪.
ಖಾಲಿ ಫಾರ್ಮನ್ನು ಸ್ಯಾಂಡ್ರಾ ನಿಂತುಕೊಂಡೇ ತುಂಬಿಸಿದಳು. ತಪ್ಪು ಮಾಡಿಬಿಟ್ಟೇನೆಂಬ ಭಯ: ನಾಲ್ಕು. ಹೊತ್ತಿಗೆ ಸರಿಯಾಗಿ ಊಟ ಆಗದಿರುವುದು: ನಾಲ್ಕು.

ಇನ್ನು ಬೇಕಾದದ್ದು ವಾರ್ಡ್ ಇನ್‌ಚಾರ್ಜ್ ಗ್ಲೋರಿಯಾ ಸಿಸ್ಟರ್ ಸಹಿ. ಅಂಕ ಏರಿದರೆ, ವಾರ್ಡ್ ನಡೆಸಲು ಬಾರದವರೆಂಬ ಮಾತು ಬರುವುದು ಅವರ ಮೇಲೆಯೇ. ನಿವೃತ್ತಿಗೆ ಐದು ತಿಂಗಳಿದೆ.

ಒಂದು ಅಂತ್ಯ: ಗ್ಲೋರಿಯಾ ಫಾರ್ಮ್ ಹರಿದರು. ಅಷ್ಟು ಬರೆಯುವಷ್ಟರಲ್ಲಿ ಅವರು ಕನ್ನಡಕದ ಮೇಲಿಂದ ನೋಡಿ, "ಮೂವತ್ತು ವರ್ಷ ನಾನೂ ಊಟ ಬಿಟ್ಟವಳೇ ಮೇಡಂ. ನನ್ನನ್ನು ರಾಕ್ಷಸಿ ಮಾಡಬೇಡಿ," ಅಂದರು. ಹೊಡೆದು ಹಾಕಿದೆ.

ಇನ್ನೊಂದು: ಸಹಿ ಬಿತ್ತು, ಮೂರನೆಯವಳು ಬಂದಳು, ಎಲ್ಲರ ಮುಖ ಅರಳಿತು. ಇದನ್ನು ನೀವು ನಂಬಲಿಕ್ಕಿಲ್ಲ. ಬರೆದ ನಾನೇ ನಂಬಲಿಲ್ಲ.

ಆದ್ದರಿಂದ ಮುಗಿಸುವುದಿಲ್ಲ, ಕಂಡಷ್ಟು ಹೇಳುತ್ತೇನೆ. ಗಂಟೆ ಮೂರೂವರೆ. ಗ್ಲೋರಿಯಾ ಫಾರ್ಮನ್ನು ಎರಡು ಸಲ ಓದಿದರು. ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. ಆಮೇಲೆ ಎದ್ದು ಬಂದು ಸ್ಯಾಂಡ್ರಾಳ ಕೈಯಿಂದ ಬಿಪಿ ಮೆಷಿನ್ ತೆಗೆದುಕೊಂಡರು. ಖಾಲಿಯಾದ ಆ ಕೈಯಲ್ಲಿ ತಮ್ಮ ಬುತ್ತಿಯ ಡಬ್ಬಿ ಇಟ್ಟು ವಾರ್ಡಿನೊಳಗೆ ನಡೆದರು.