ವಂಕಿ ಹಾಕಿಸುವ ಹೊತ್ತು

ಮೂರನೆಯ ಬಸಿರು ಐದು ತಿಂಗಳಿಗೇ ಹೋದದ್ದು ಲಾಂಡ್ರಿಯಲ್ಲಿ. ಹೋಟೆಲಿನ ಬೆಡ್‌ಶೀಟು ಮಡಿಸುತ್ತಾ ನಿಂತಿದ್ದವಳು ನಿಂತಲ್ಲೇ ಕುಸಿದಳು. ಆಸ್ಪತ್ರೆಯಲ್ಲಿ ಎರಡು ಬಾಟಲಿ ರಕ್ತ ಏರಿಸಿ, "ಇನ್ನೆರಡು ವರ್ಷ ಬಸಿರಿನ ಮಾತೇ ಎತ್ತಬೇಡ, ಮೈಯಲ್ಲಿ ಏನೂ ಉಳಿದಿಲ್ಲ" ಎಂದು ಕಳಿಸಿದರು. ಮನೆಯಲ್ಲಿ ಆಗಲೇ ಇಬ್ಬರು ಹೆಣ್ಣುಮಕ್ಕಳು. ಗಂಡ ಲಾರಿ ಡ್ರೈವರು, ಹದಿನೈದು ದಿನಕ್ಕೊಮ್ಮೆ ಮನೆ ಮುಖ ನೋಡುವವನು. ಕೆಟ್ಟವನಲ್ಲ. ಆದರೆ ಹಾಗೆ ಬಂದವನಿಗೆ ಬೇಡ ಅನ್ನಲು ಅವಳಿಗೆ ಬಾಯೇ ಬರುತ್ತಿರಲಿಲ್ಲ.

ದಪ್ಪ ಕನ್ನಡಕದ ನರ್ಸಮ್ಮ ಅವಳನ್ನು ಪಕ್ಕಕ್ಕೆ ಕರೆದಳು. "ವಂಕಿ ಹಾಕಿಸ್ಕೊಂಡ್ಬಿಡು ತಾಯಿ, ಕಾಪರ್-ಟಿ ಅಂತಾರಲ್ಲ, ಅದೇ. ಮುಟ್ಟಾದಾಗ ಬಂದ್ರೆ ಹೊಟ್ಟೇಲಿ ಏನೂ ಇಲ್ಲ ಅಂತ ನಮಗೂ ಧೈರ್ಯ. ಆದ್ರೆ ಹಾಕೋ ಡಾಕ್ಟರು ಬರೋದು ಮಂಗಳವಾರ ಮಾತ್ರ, ನೆನಪಿಟ್ಕೋ."

ಭಾನುವಾರ ಮುಟ್ಟಾಯಿತು. ಮಂಗಳವಾರ ಬೆಳಿಗ್ಗೆ ಲಾಂಡ್ರಿಯಲ್ಲಿ ಎರಡು ಗಂಟೆಯ ಬಿಡುವು ಕೇಳಿದಳು. ಸೂಪರ್‌ವೈಸರ್ ತಲೆ ಎತ್ತದೆ, "ಯಾಕೆ?" ಅಂದ. ಸುತ್ತ ನಾಲ್ಕು ಜನ ಗಂಡಸರು ಒದ್ದೆ ಬಟ್ಟೆ ಹಿಂಡುತ್ತಿದ್ದರು. ಅವಳು ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ, "ಸ್ವಲ್ಪ ಕೆಲಸ ಇತ್ತು" ಅಂದಳು. "ಕೆಲಸ ಇಲ್ಲೂ ಇದೆ" ಅಂದ ಅವನು. ಅಲ್ಲಿಗೆ ಮಾತು ಮುಗಿಯಿತು.

ಮುಂದಿನ ಮಂಗಳವಾರ ಚಿಕ್ಕವಳಿಗೆ ಕೆಂಡದಂಥ ಜ್ವರ. ಅದರ ಮುಂದಿನ ಮಂಗಳವಾರ ಹೇಗೋ ತಪ್ಪಿಸಿಕೊಂಡು ಹೋದರೆ ಡಾಕ್ಟರೇ ರಜೆ. ಆ ವಾರ ಗಂಡ ಬಂದು ಎರಡು ದಿನ ಇದ್ದು ಹೋದ. ಮರುತಿಂಗಳು ಅವಳು ದಿನ ಎಣಿಸಿದ್ದೇ ಬಂತು, ಮುಟ್ಟು ಬರಲಿಲ್ಲ.

"ಅಯ್ಯೋ ನಿನ್ನ!" ಎಂದು ನರ್ಸಮ್ಮ ಹಣೆ ಚಚ್ಚಿಕೊಂಡಳು. ಆಮೇಲೆ ಸುಧಾರಿಸಿಕೊಂಡು, "ಈ ಸಲ ಮಂಗಳವಾರ ಕಾಯೋದೇ ಬೇಡ. ಹೆರಿಗೆಯಾಗಿ ಮಾಸು ಬಿದ್ದ ಹತ್ತು ನಿಮಿಷದಲ್ಲೇ, ಅದೇ ಮೇಜಿನ ಮೇಲೇ, ಹೆರಿಗೆ ಮಾಡಿಸೋ ಡಾಕ್ಟರೇ ಹಾಕ್ಬಹುದು. ಕಾರ್ಡಲ್ಲಿ ಬರೀಲಾ?" ಎಂದಳು.

"ಬರೀರಿ" ಅಂದಳು. ಮನೆಯಲ್ಲಿ ಮಾತ್ರ ಯಾರಿಗೂ ಹೇಳಲಿಲ್ಲ. ಇಬ್ಬರು ಮೊಮ್ಮಕ್ಕಳಾದ ಮೇಲೂ ಅತ್ತೆಯ ಬಾಯಲ್ಲಿ "ಗಂಡು" ಬಿಟ್ಟರೆ ಬೇರೆ ಮಾತಿರಲಿಲ್ಲ.

ಎಂಟು ತಿಂಗಳು ತುಂಬಿ ಹತ್ತು ದಿನಕ್ಕೆ ಮಗು ಒದೆಯುವುದು ನಿಂತಿತು. ಬೆಳಗಿನಿಂದ ಮಧ್ಯಾಹ್ನದವರೆಗೆ ಹೊಟ್ಟೆಯ ಮೇಲೆ ಕೈಯಿಟ್ಟು ಕಾದಳು. ಆಸ್ಪತ್ರೆಯಲ್ಲಿ ಯಂತ್ರ ಇಟ್ಟು ನೋಡಿದ ಯುವ ಡಾಕ್ಟರಮ್ಮ ಅದನ್ನೇ ಇನ್ನೊಂದು ಕಡೆ ಇಟ್ಟು ಮತ್ತೆ ನೋಡಿದಳು. ಹೇಳದೆಯೇ ಅವಳಿಗೆ ಗೊತ್ತಾಯಿತು.

ನೋವು ಬರಿಸಿ ಹೆರಿಸಿದರು. ಹೆರಿಗೆಯಾಗುವಾಗ ಮರುದಿನ ಮಧ್ಯಾಹ್ನವಾಗಿತ್ತು. ಮಗು ಅಳಲಿಲ್ಲ, ಕೋಣೆಯಲ್ಲಿ ನಲ್ಲಿಯ ನೀರಿನ ಸದ್ದೊಂದೇ. ಹೆಣ್ಣುಮಗು, ತಲೆ ತುಂಬ ಕೂದಲು. ಒಮ್ಮೆ ಎತ್ತಿಕೊಂಡಳು. ಇನ್ನೂ ಬೆಚ್ಚಗಿತ್ತು.

ಮಾಸು ಬಿದ್ದ ಮೇಲೆ ಡಾಕ್ಟರಮ್ಮ ಕಾರ್ಡು ತಿರುವಿ ನೋಡಿ ದನಿ ತಗ್ಗಿಸಿದಳು. "ಇಲ್ಲಿ ವಂಕಿ ಅಂತ ಬರೆದಿದೆ. ಅದು ಮಗು ಚೆನ್ನಾಗಿರುತ್ತೆ ಅಂದ್ಕೊಂಡು ಬರೆದದ್ದು. ಇವತ್ತು ಬೇಡಮ್ಮ. ಮನಸ್ಸು ಸರಿಹೋಗ್ಲಿ, ಆರು ವಾರ ಬಿಟ್ಟು ಬನ್ನಿ."

"ಈಗ ಹಾಕಿದ್ರೆ ಏನಾದ್ರೂ ತೊಂದರೆಯಾ?"

"ತೊಂದರೆ ಅಂತಿಲ್ಲ. ರಕ್ತಸ್ರಾವ ಹತೋಟೀಲಿದೆ, ಸೋಂಕೂ ಇಲ್ಲ. ಆದ್ರೆ ದುಃಖದಲ್ಲಿದ್ದೀರಿ. ನಾಳೆ ಇನ್ನೊಂದು ಮಗು ಬೇಕು ಅನ್ಸಿದ್ರೆ?"

"ಅನ್ಸಿದಾಗ ತೆಗೆಸ್ಕೋತೀನಿ. ಆರು ವಾರ ನನ್ನ ಕೈಗೆ ಸಿಗಲ್ಲ, ಡಾಕ್ಟ್ರೇ. ನನಗೆ ಗೊತ್ತು. ಈಗಲೇ ಹಾಕ್ಬಿಡಿ."

ಡಾಕ್ಟರಮ್ಮ ನರ್ಸಮ್ಮನ ಮುಖ ನೋಡಿದಳು. ನರ್ಸಮ್ಮ ಕೈಗವಸು ಹಾಕಿಕೊಂಡಳು. ಅವಳು ಛಾವಣಿ ನೋಡುತ್ತಾ ಮಲಗಿದಳು. ನೋವಾಯಿತು, ಆದರೆ ಅಷ್ಟೆಲ್ಲ ನೋವಿನಲ್ಲಿ ಅದು ಯಾವ ಲೆಕ್ಕ?

ವಾರ್ಡಿನಲ್ಲಿ ಅತ್ತೆ ಅವಳ ತಲೆ ಸವರುತ್ತಾ ಅತ್ತರು, ನಿಜವಾಗಿಯೇ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, "ಹೋಗ್ಲಿ ಬಿಡು, ವರ್ಷ ತುಂಬೋದ್ರೊಳಗೆ ಇನ್ನೊಂದಾಗುತ್ತೆ" ಅಂದರು. ಅವಳು ಗೋಡೆಯ ಕಡೆ ಹೊರಳಿದಳು. ಮೂರನೆಯ ದಿನ ಹಾಲು ಇಳಿಯಿತು. ರವಿಕೆ ಒದ್ದೆಯಾದಾಗಲೇ ಮೊದಲ ಸಲ ದನಿ ತೆಗೆದು ಅತ್ತಳು.

ಅದೇ ಸಂಜೆ ಗಂಡ ಬಂದ. ದೂರದ ಊರಿಂದ ಲಾರಿ ಬಿಟ್ಟು ಬಸ್ಸು ಹಿಡಿದು ಬಂದಿದ್ದ, ಕಣ್ಣು ಕೆಂಪಾಗಿತ್ತು. ಅತ್ತೆ ಟೀ ತರಲು ಹೋದಾಗ ಅವಳು ವಂಕಿ ಹಾಕಿಸಿಕೊಂಡದ್ದನ್ನು ಹೇಳಿಬಿಟ್ಟಳು.

"ನನ್ನನ್ನ ಒಂದು ಮಾತು ಕೇಳ್ಬಾರದಿತ್ತಾ?" ಅಂದ.

"ಕೇಳಿದ್ರೆ ಬೇಡ ಅಂತಿದ್ರಿ."

ಅವನು ಎದ್ದು ಹೊರಗೆ ಹೋದ. ಮಗುವನ್ನು ಮಣ್ಣು ಮಾಡಿದ ಜಾಗ ನೋಡಿಕೊಂಡು ಬಂದನಂತೆ; ಅತ್ತೆ ಆಮೇಲೆ ಹೇಳಿದರು.

ಅದಾದ ಮೇಲೆ ಎರಡು ಸಲ ಮನೆಗೆ ಬಂದು ಹೋದರೂ ಅವನು ಅವಳ ಜೊತೆ ನೆಟ್ಟಗೆ ಮಾತಾಡಲಿಲ್ಲ. ಆದರೆ ವಂಕಿಯ ವಿಷಯ ತಾಯಿಯ ಕಿವಿಗೂ ಹಾಕಲಿಲ್ಲ. ಅತ್ತೆ "ಏನಾದ್ರೂ ವಿಶೇಷ?" ಎಂದು ಕೇಳಿದಾಗಲೆಲ್ಲ, "ಅವಳಿನ್ನೂ ಸುಧಾರಿಸ್ಕೊಂಡಿಲ್ಲ, ಸುಮ್ನಿರಮ್ಮ" ಎಂದು ಅವನೇ ಗದರುತ್ತಿದ್ದ.

ವಂಕಿ ಸರಿಯಾಗಿದೆಯೇ ಎಂದು ತೋರಿಸಲು ಹೋದ ದಿನ ಡಾಕ್ಟರು ನೋಡಿ, ಜಾಗದಲ್ಲೇ ಇದೆ ಅಂದರು. ಹೊರಗೆ ಬಂದಾಗ ಆಸ್ಪತ್ರೆಯ ಕಾಂಪೌಂಡಿನ ಹತ್ತಿರ, ಆ ವಾರ ಮನೆಗೆ ಬಂದಿದ್ದ ಗಂಡ ಇಬ್ಬರು ಹೆಣ್ಣುಮಕ್ಕಳ ಕೈ ಹಿಡಿದು ನಿಂತಿದ್ದ.

"ನೋವಾಯ್ತಾ?" ಅಂದ.

"ಹೂಂ."

ಚಿಕ್ಕವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅವನು ಮುಂದೆ ನಡೆದ. ದೊಡ್ಡವಳ ಕೈ ಹಿಡಿದು ಅವಳು ಹಿಂದೆ ನಡೆದಳು. ಲಾಂಡ್ರಿಯಲ್ಲಿ ಹನ್ನೊಂದು ಗಂಟೆಗೆ ಬರುತ್ತೇನೆಂದು ಹೇಳಿಬಂದಿದ್ದಳು.